ಮೂರು ಬಣ್ಣಕ್ಕೂ ಒಂದೇ ಕಲೆ

ಮೆಕ್ಯಾನಿಕ್ ಚಪ್ಪಲಿ ಬಿಡುವ ಮೊದಲೇ ಆ ಮನೆಯ ಅಳಿಯ ಟೀವಿಯ ಕಾಯಿಲೆಯ ಹೆಸರು ಹೇಳಿಬಿಟ್ಟ.

"ಟ್ಯೂಬ್ ಹೋಗಿದೆ. ನಮ್ಮತ್ತೆ ಬೆಳಗಿಂದ ಸಂಜೆತನಕ ಹಾಕಿಟ್ಟು ಸುಟ್ಟಿದ್ದಾರೆ. ನೀನು ಅದನ್ನೇ ಹೇಳಿ ಹೋದ್ರೆ ಸಾಕು."

ಇಪ್ಪತ್ತು ವರ್ಷದಿಂದ ಪ್ರೊಜೆಕ್ಷನ್ ಟೀವಿಗಳ ಹೊಟ್ಟೆಯೊಳಗೆ ತಲೆ ತೂರಿಸಿದ್ದ ಮೆಕ್ಯಾನಿಕ್‌ಗೆ ಇಂಥ ಪಂಡಿತರು ಹೊಸಬರಲ್ಲ. ಮನೆಗೊಬ್ಬರಂತೆ ಸಿಗುತ್ತಾರೆ. ರೋಗಿಯನ್ನು ನೋಡದೆ ಔಷಧಿ ಹೇಳುವ ಜಾತಿ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡು ವಾರದಿಂದ ಅವರು ಟೀವಿ ಹಾಕುವಂತಿರಲಿಲ್ಲ, ಅಳಿಯನ ಅಪ್ಪಣೆ. ಮಗಳೂ ಗಂಡನ ಮಾತು ನಂಬಿ, "ಸ್ವಲ್ಪ ಕಮ್ಮಿ ನೋಡ್ಬಾರದಿತ್ತಾ ಅಮ್ಮ" ಎಂದಿದ್ದಳು.

ಮೆಕ್ಯಾನಿಕ್ ಟೀವಿ ಹಾಕಿದ. ಚಿತ್ರದ ನಡುವೆ ತಟ್ಟೆಯಗಲ ಮಂಕು. ಕೆಳಗಿನ ಹಲಗೆ ತೆಗೆದ. ಒಳಗೆ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಟ್ಯೂಬ್‌ಗಳು, ಮೂರಕ್ಕೂ ಒಂದೊಂದು ಲೆನ್ಸ್. ಎರಡನ್ನು ರಟ್ಟಿನಿಂದ ಮುಚ್ಚಿ ಕೆಂಪೊಂದನ್ನೇ ಬಿಟ್ಟ. ನಡುವೆ ಮಂಕು. ಆಮೇಲೆ ಹಸಿರು, ಆಮೇಲೆ ನೀಲಿ. ಹೆಚ್ಚುಕಡಿಮೆ ಅದೇ ಜಾಗದಲ್ಲಿ ಅದೇ ಮಂಕು.

"ಟ್ಯೂಬ್ ಹೋಗಿದ್ರೆ ಒಂದು ಬಣ್ಣ ಕೆಡಬೇಕಿತ್ತು. ಮೂರೂ ಒಂದೇ ಕಡೆ ಮಂಕಾಗಿವೆ ಅಂದ್ರೆ, ಮೂರೂ ಹಾದುಹೋಗೋ ಜಾಗ ಕೆಟ್ಟಿದೆ. ಒಳಗೆ ಯಾರಾದ್ರೂ ಕೈಹಾಕಿದ್ರಾ ಸಾರ್?"

"ಯಾರೂ ಮುಟ್ಟಿಲ್ಲ."

ಹಿಂಬದಿಯ ಮುಚ್ಚಳದಲ್ಲಿ ಮೂರು ಸ್ಕ್ರೂ ಇರಲಿಲ್ಲ. ಇನ್ನೊಂದರ ತಲೆಯನ್ನು ಚಾಕುವಿನಿಂದ ಕೆತ್ತಿ ಹಾಳುಮಾಡಿದ್ದರು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಮೂರು ಬಣ್ಣವನ್ನೂ ಪರದೆಗೆ ತಿರುಗಿಸುವ ದೊಡ್ಡ ಕನ್ನಡಿಯ ನಡುವೆ ಸುತ್ತುಸುತ್ತಾಗಿ ತಿಕ್ಕಿದ ಗೀರುಗಳು. ಮೂಲೆಯಲ್ಲಿ ಪಾತ್ರೆ ತೊಳೆಯುವ ಪುಡಿ ಒಣಗಿ ಬೆಳ್ಳಗೆ ಕೂತಿತ್ತು.

ಅಳಿಯ ಅವನ ತೋಳು ಹಿಡಿದು ಕಿಟಕಿಯ ಹತ್ತಿರ ಎಳೆದ. ದನಿ ತಗ್ಗಿತ್ತು, ಮಾತಿಗೆ ಏಕಾಏಕಿ ಮರ್ಯಾದೆ ಬಂದಿತ್ತು. "ಟ್ಯೂಬ್ ಅಂತಾನೇ ಹೇಳ್ಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ಮೆಕ್ಯಾನಿಕ್‌ಗೆ ಮೈಯೆಲ್ಲ ಹೇಸಿಗೆಯಾಯಿತು. ಅಳಿಯ ತಪ್ಪು ಮಾಡಿದ್ದಕ್ಕಲ್ಲ, ಎರಡು ವಾರ ಒಬ್ಬ ಹೆಂಗಸಿನ ಬಾಯಿ ಕಟ್ಟಿ ನೆಮ್ಮದಿಯಾಗಿ ಉಂಡು ಮಲಗಿದ್ದಕ್ಕೆ. ಅವನು ತೋಳು ಬಿಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ:

"ಅಮ್ಮಾ, ನೀವು ಏನೂ ಸುಟ್ಟಿಲ್ಲ. ಈ ಕನ್ನಡಿಗೆ ಹೊಳೆಯೋ ಲೇಪ ಇರೋದು ಗಾಜಿನ ಹಿಂದಲ್ಲ, ಮುಂದುಗಡೆ. ಬಟ್ಟೆ ಮುಟ್ಟಿಸೋಕೂ ಹೆದರಬೇಕು. ಯಾರೋ ಪುಡಿ ಹಾಕಿ ತಿಕ್ಕಿದ್ದಾರೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ."

ಮಗಳು ಗಂಡನ ಮುಖ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಧೂಳಿತ್ತು, ಅದಕ್ಕೇ..." ಎಂದ.

"ತಪ್ಪಾಯ್ತಮ್ಮ," ಎಂದಳು ಮಗಳು.

"ನಿಂದೇನು ತಪ್ಪು? ಇವರ ಮಾತು ನಂಬಿದ್ದು ಬಿಟ್ರೆ," ಎಂದು ಅತ್ತೆ ಅಲ್ಲೇ ಸೋಫಾದ ನಟ್ಟನಡುವೆ ಕೂತರು. ಮಂಕು ಚಿತ್ರವನ್ನೇ ಕಣ್ಣು ಕೀಲಿಸಿ ನೋಡತೊಡಗಿದರು.

ಮುಂದಿನ ವಾರ ಮೆಕ್ಯಾನಿಕ್ ಬೇರೆ ಕನ್ನಡಿ ತಂದು ಕೂರಿಸಿದ. ಚಿತ್ರ ತಿಳಿಯಾಯಿತು. ಅಷ್ಟು ಹೊತ್ತೂ ಅಳಿಯ ಒಳಗೆ ಕಾಲಿಡಲಿಲ್ಲ. ಮೆಕ್ಯಾನಿಕ್ ಮೆಟ್ಟಿಲಿಳಿಯುವಾಗ ಅವನು ಪಕ್ಕದ ಮನೆಯವನ ಜೊತೆ ಮಾತಾಡುತ್ತಿದ್ದ.

"ನಾನು ಮೊದಲ ದಿನಾನೇ ಹೇಳಿದ್ದೆ, ಕನ್ನಡೀದೇ ತೊಂದರೆ ಅಂತ. ಈ ಮೆಕ್ಯಾನಿಕ್‌ಗಳಿಗೆ ಅರ್ಥ ಆಗ್ಬೇಕಲ್ಲ."

ಒಳಗೆ ಅತ್ತೆ ಟೀವಿಯ ದನಿ ಜೋರು ಮಾಡಿದರು.