ನಲವತ್ತೆರಡು ಬಸ್ಸುಗಳ ಮೇಲೆ ಒಂದು ಮುಖ

ಕಾಶೀಬಾಯಿ ಬರ್ಮಿಂಗ್‌ಹ್ಯಾಮಿನ ಸೋಹೊ ರೋಡಿನ ಅಂಗಡಿಯಿಂದ ಚೆಂಡು ಹೂವಿನ ಹಾರ ತಂದಾಗ ಗಂಡ ಅಡಿವೆಪ್ಪ ಪೇಪರಿನಿಂದ ತಲೆಯೆತ್ತಿದ.

“ಹಾರ ಯಾರಿಗೆ?”

“ಅಕ್ಕಗ. ಗ್ಯಾಲರ‍್ಯಾಗ ಆಕಿ ಫೋಟೋಕ್ಕ ಹಾಕ್ತೀನಿ.”

“ಹಾಕವಾ. ಅಲ್ಲೇ ಕರ್ಪೂರ ಹಚ್ಚಿ ಕಾಯಿನೂ ಒಡಿ. ಫೈರ್ ಬ್ರಿಗೇಡಿನವ್ರು ಬಂದು ಪ್ರಸಾದ ತಗೊಂಡು ಹೋಗ್ತಾರ.”

ಕಾಶೀಬಾಯಿ ನಗಲಿಲ್ಲ. ಅಕ್ಕ ಭಾನುವಾರ ತೀರಿಕೊಂಡಿದ್ದಳು. ಮೂತ್ರಪಿಂಡದ ಕಾಯಿಲೆ, ವಯಸ್ಸು ಅರವತ್ತೊಂದು.

ಅಕ್ಕ ಒಡಹುಟ್ಟಿದವಳಲ್ಲ; ಆಸ್ಟ್ರೇಲಿಯದ ಮೂಲನಿವಾಸಿ, ಅಲ್ಲಿನ ನಡುನಾಡಿನ ಮರುಭೂಮಿಯವಳು. ಮಿಷನ್ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ನಲವತ್ತು ದಾಟಿದ ಮೇಲೆ ಕುಂಚ ಹಿಡಿದಳು. 2003ರ ಸೆಪ್ಟೆಂಬರಿನಲ್ಲಿ ಆರು ವಾರದ ಮಟ್ಟಿಗೆ ಬರ್ಮಿಂಗ್‌ಹ್ಯಾಮಿನ ಒಂದು ಗ್ಯಾಲರಿಗೆ ಬಂದು, ಜನರೆದುರೇ ಏಳು ಚಿತ್ರ ಬರೆದಳು. ಆ ಕೋಣೆಯ ಕಾವಲಿಗೆ ಕೂರುವ ಕೆಲಸ ಕಾಶೀಬಾಯಿಯದು. ಅಕ್ಕ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ತನ್ನ ಅಪ್ಪನ ಸೀಮೆಯ ನೀರಿನ ಗುಂಡಿಗಳನ್ನು ಬರೆಯುತ್ತಿದ್ದಳು. ಯಾವುದನ್ನು ಪರರಿಗೆ ತೋರಿಸಬಹುದೆಂದು ಅಣ್ಣನಿಗೆ ಫೋನು ಮಾಡಿ ಕೇಳುತ್ತಿದ್ದಳು. ಒಂದು ಚಿತ್ರದ ಮೂಲೆಯನ್ನು, ಅದು ತನ್ನ ಹಕ್ಕಿನದಲ್ಲವೆಂದು, ಖಾಲಿಯೇ ಬಿಟ್ಟಳು. ಮಧ್ಯಾಹ್ನ ಇಬ್ಬರೂ ರೊಟ್ಟಿ ಹಂಚಿಕೊಳ್ಳುತ್ತಿದ್ದರು. ಅವಳು ತಂಗಿ ಎನ್ನುವ ಹಾಗೆ ‘ಸಿಸ್’ ಎಂದಳು, ಇವಳು ‘ಅಕ್ಕ’ ಎಂದಳು.

ಸತ್ತ ತಾಯಿಯ ಹೆಸರನ್ನು ಅಕ್ಕ ಒಮ್ಮೆಯೂ ಹೇಳಲಿಲ್ಲ. ‘ಆ ಮುದುಕಿ’ ಎನ್ನುತ್ತಿದ್ದಳು. ತನ್ನೂರಲ್ಲಿ ಹೆಂಗಸರು ಗಂಡನ ಹೆಸರು ಹೇಳದ ಹಾಗೆ ಇದೂ ಒಂದು ಮರ್ಯಾದೆ ಎಂದುಕೊಂಡ ಕಾಶೀಬಾಯಿ ಮುಂದೆ ಕೇಳಲಿಲ್ಲ.

ಅಕ್ಕ ಊರಿಗೆ ಮರಳಿದ ಮೇಲೂ ಅವಳ ಚಿತ್ರಗಳ ಪ್ರದರ್ಶನ ಗ್ಯಾಲರಿಯಲ್ಲಿ ನಡೆದಿತ್ತು. ಮಂಗಳವಾರ ಕಾಶೀಬಾಯಿ ಬಾಗಿಲಲ್ಲಿದ್ದ ದೊಡ್ಡ ಫೋಟೋಕ್ಕೆ ಹಾರ ಹಾಕಿ, ಬ್ಯಾಟರಿಯ ದೀಪ ಇಟ್ಟಳು. ಮ್ಯಾನೇಜರ್ ಹೆಲೆನ್ ಕಣ್ಣೊರೆಸಿಕೊಂಡು ಅದರ ಚಿತ್ರ ತೆಗೆದಳು. ಮೇಲೆ ಅಕ್ಕನ ಪೂರ್ತಿ ಹೆಸರು ಬರೆದು ಅವಳ ಊರಿನ ಕಲಾಕೇಂದ್ರಕ್ಕೆ ಇಮೇಲ್ ಮಾಡಿದಳು. ಸ್ಥಳೀಯ ಪತ್ರಿಕೆಗೂ ಕೊಟ್ಟಳು. ಬುಧವಾರ ಐದನೆಯ ಪುಟದಲ್ಲಿ ಬಂತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ಅಣ್ಣನ ಮಗಳು ಮಾರ್ಲೀನ್ ಫೋನು ಮಾಡಿದಳು. ಎತ್ತಿದ್ದು ಕಾಶೀಬಾಯಿ.

“ಹಾರ ಹಾಕಿದ್ದು ಯಾರು?”

“ನಾನೇ. ನಮ್ಮಲ್ಲಿ ಹೋದವರಿಗೆ ಹಾಗೆ ಮಾಡ್ತೀವಿ.”

“ಪ್ರೀತಿಯಿಂದ ಮಾಡಿದ್ದೀರಿ, ಗೊತ್ತು ಆಂಟಿ. ಆದ್ರೆ ನಮ್ಮಲ್ಲಿ ಹೋದವರ ಮುಖ ನೋಡಬಾರದು, ಹೆಸರು ಎತ್ತಬಾರದು. ಮನೆಯವರು ಇನ್ನು ಸಾಕು ಅನ್ನೋವರೆಗೆ. ವರ್ಷಗಳೇ ಆಗಬಹುದು. ಕಲಾಕೇಂದ್ರದಲ್ಲಿ ನಿಮ್ಮ ಇಮೇಲ್ ತೆರೆದಾಗ ಅವರ ತಂಗಿ ಪಕ್ಕದಲ್ಲೇ ಕೂತಿದ್ರು.”

“ಏನಂದ್ರು?”

“ಮುಖ ಕಂಡದ್ದೇ ಎದ್ದು ಹೋದ್ರು. ನಿನ್ನೆಯಿಂದ ಊಟ ಮುಟ್ಟಿಲ್ಲ.”

ಕಾಶೀಬಾಯಿ ಹಾರ ಕಿತ್ತಳು. ಫೋಟೋ ಇಳಿಸಿದಳು. ಏಳು ಚಿತ್ರಗಳ ಪಕ್ಕದ ಹೆಸರಿನ ಚೀಟಿಗಳನ್ನು ತೆಗೆದಳು. ಹನ್ನೆರಡು ನಿಮಿಷಕ್ಕೊಮ್ಮೆ ಅಕ್ಕ ತನ್ನ ಹೆಸರು ತಾನೇ ಹೇಳುತ್ತಿದ್ದ ವಿಡಿಯೊ ನಿಲ್ಲಿಸಿದಳು. ಆಮೇಲೆ ಬಸ್ಸುಗಳು ನೆನಪಾದವು. ಪ್ರದರ್ಶನದ ಜಾಹೀರಾತು ಅಕ್ಕನ ಮುಖ, ಹೆಸರಿನೊಂದಿಗೆ ನಲವತ್ತೆರಡು ಬಸ್ಸುಗಳ ಮೈಮೇಲಿತ್ತು.

ಹೆಲೆನ್ ಎರಡು ತಾಸು ಫೋನು ಹಿಡಿದು ಕೂತಳು. ಬಸ್ಸುಗಳು ಬೇರೆ ಬೇರೆ ಡಿಪೋಗಳಲ್ಲಿವೆ, ಎಷ್ಟು ಬೇಗ ಎಂದರೂ ಮೂರು ವಾರ ಎಂದರು ಜಾಹೀರಾತಿನವರು. ಪತ್ರಿಕೆಯವರು ವಿಷಾದ ಪ್ರಕಟಿಸಲು ಒಪ್ಪಿದರು. ಆದರೆ ಯಾರ ವಿಷಯವೆಂದು ತಿಳಿಯಲು ಹೆಸರು ಹಾಕಲೇಬೇಕಂತೆ. ಬೇಡ ಎಂದಳು ಹೆಲೆನ್.

ಮಧ್ಯಾಹ್ನ ಕಾಶೀಬಾಯಿಯೇ ಮಾರ್ಲೀನಳಿಗೆ ಫೋನು ಮಾಡಿದಳು.

“ಒಳಗಿನದೆಲ್ಲ ತೆಗೆದಿದ್ದೀನಿ. ಬಸ್ಸಿನ ಮೇಲಿರೋದು ನಮ್ಮ ಕೈಲಿ ಆಗ್ತಿಲ್ಲ.”

“ಎಷ್ಟು ಬಸ್ಸು?”

“ನಲವತ್ತೆರಡು.”

ಆ ಕಡೆ ನಾಯಿ ಬೊಗಳುವುದು ಕೇಳಿಸಿತು. ಮಾರ್ಲೀನಳ ದನಿ ತಗ್ಗಿತು.

“ಅವರ ತಂಗಿ ಇಲ್ಲೇ ಇದ್ದಾರೆ. ನಿಮ್ಮ ಬಾಯಿಂದಲೇ ಕೇಳಬೇಕಂತೆ. ಬಸ್ಸಿನ ಸುದ್ದಿ ಎತ್ತಬೇಡಿ.”

ಫೋನು ಕೈ ಬದಲಾಯಿತು. ಉಬ್ಬಸದ ಉಸಿರು, ಆಮೇಲೆ ಅಕ್ಕನದೇ ಎನ್ನುವಂಥ ದನಿ.

“ಎಲ್ಲಾ ತೆಗೆದ್ರಾ, ಸಿಸ್?”

ಅಷ್ಟು ಕಟ್ಟುನಿಟ್ಟಾಗಿ ಒಂದು ಮೂಲೆಯನ್ನು ಖಾಲಿ ಬಿಟ್ಟವಳ ತಂಗಿಗೆ ಸುಳ್ಳು ಹೇಳುವುದೋ? ಹೇಳದಿದ್ದರೆ ಆಕೆ ಉಣ್ಣುವುದು ಯಾವಾಗ?

“ಎಲ್ಲಾ ತೆಗೆದ್ವಿ,” ಎಂದಳು ಕಾಶೀಬಾಯಿ.

“ಒಳ್ಳೇದು. ಇನ್ನು ಒಂದಿಷ್ಟು ಉಣ್ತೀನಿ.”

ಫೋನು ಇಟ್ಟ ಮೇಲೆ, ಅವರು ಏನಂದರು ಎಂದು ಹೆಲೆನ್ ಕೇಳಿದಳು. ಕಾಶೀಬಾಯಿ ಬಸ್ಸುಗಳು ಹಾಯುವ ರಸ್ತೆಯ ಕಡೆಯ ಕಿಟಕಿಗೆ ಬೆನ್ನು ಮಾಡಿ ಕೂತಳು.