ಜೀವ ಇತ್ತಾ?

ಆ ಕೋವಿಗಿಷ್ಟು ಬೆಂಕಿ ಹಾಕ! ಶಿಕಾರಿ ಮಾಡಬಾರದು ಅಂತ ಕಾಯ್ದೆ ಬಂದು ನಾಲ್ಕೈದು ವರ್ಷವಾಗಿತ್ತು. ಈ ನಾಗಪ್ಪಣ್ಣನಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಹಿನ್ನೀರಿನಾಚೆ ಕಾಡಲ್ಲಿ ಕಾಡುಕುರಿಗೆ ಗುಂಡು ಹೊಡೆದ. ನಮ್ಮ ಯಜಮಾನರು ಜಮಾಲ್, ನರಸಿಂಹರಾಜಪುರದಲ್ಲಿ ಮಟನ್ ಅಂಗಡಿ ಇಟ್ಟವರು, ಅವನ ಜೊತೆಗಿದ್ದರು.

"ಓಡು ಮಾರಾಯ, ಜೀವ ಹೋಗೋದ್ರೊಳಗೆ ಕುಯ್ಯಿ. ಇಲ್ಲದಿದ್ರೆ ನಿಂಗೆ ತಿನ್ನಕ್ಕಾಗಲ್ಲ" ಅಂದನಂತೆ ನಾಗಪ್ಪಣ್ಣ. ಅದೆಂಥಾ ಸ್ನೇಹವೋ! ಇವರು ಓಡಿಹೋಗಿ ಬಿಸ್ಮಿಲ್ಲಾ ಅಂದು ಕುಯ್ದರು.

ನಮ್ಮತ್ತೆ ಅಮೀರ್ ಬೀ ಜ್ವರ ಬಂದು ಮಲಗಿದ್ದರು, ಗಂಜಿಯೂ ಸೇರುತ್ತಿರಲಿಲ್ಲ. ಆ ಮಾಂಸದ ಸಾರಿನ ವಾಸನೆಗೆ ಎದ್ದು ಕೂತರು. "ಕುಯ್ಯುವಾಗ ಜೀವ ಇತ್ತೇನೋ?" ಅಂತ ಮಗನನ್ನು ಕೇಳಿದರು. ಇತ್ತು ಅಂದಮೇಲೇ ತುತ್ತು ಬಾಯಿಗಿಟ್ಟರು.

ಯಾರು ಚಾಡಿ ಹೇಳಿದರೋ, ಮಾರನೇ ದಿನ ಫಾರೆಸ್ಟಿನವರು ಬಂದು ಇಬ್ಬರನ್ನೂ ಎಳಕೊಂಡು ಹೋದರು. ನಾನು ಹಿಂದೆಯೇ ಓಡಿದೆ.

ಆಫೀಸಲ್ಲಿ ನಾಗಪ್ಪಣ್ಣ ಕೈಮುಗಿದ. "ಕೋವಿ ನಂದು ಸಾರ್, ಕೊಂದಿದ್ದೂ ನಾನೇ. ಇವನು ಕುಯ್ಯುವಾಗ ಅದು ಸತ್ತಿತ್ತು."

ರೇಂಜರ್ ಯಜಮಾನರ ಕಡೆ ತಿರುಗಿದರು. "ಹೌದೇನಯ್ಯಾ? ಸತ್ತಿತ್ತು ಅಂತ ನೀನೂ ಹೇಳು, ಕೊಂದ ಕೇಸು ನಿನ್ನ ಮೇಲೆ ಹಾಕಲ್ಲ. ಜೀವ ಇತ್ತು ಅಂದ್ರೆ ನೀನೂ ಜೈಲಿಗೆ."

ಇವರು ಆಗಲ್ಲ ಅನ್ನೋ ಹಾಗೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಸತ್ತಿತ್ತು ಅನ್ನಿ! ಒಂದು ಮಾತು, ನಿಮ್ಮ ಗಂಟೇನು ಹೋಗುತ್ತೆ?"

"ಹಾಗಂದ್ರೆ ಅಮ್ಮಿಗೆ ಹರಾಮು ತಿನ್ನಿಸಿದೆ ಅಂತಾಯ್ತಲ್ಲೇ, ಸಯೀದಾ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ನಮ್ಮತ್ತೆ! ಆ ಜ್ವರದಲ್ಲಿ ಗೋಡೆ ಹಿಡಿದುಕೊಂಡು ಬಂದಿದ್ದರು, ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದರು. ಐದು ಹೊತ್ತಿನ ನಮಾಜು ಬಿಡದ ಹೆಂಗಸು, ರೇಂಜರ್ ಮುಂದೆ ನಿಂತು ಹೇಳಿದರು: "ಅದು ಸತ್ತಿತ್ತು ಸಾಹೇಬರೇ. ಗೊತ್ತಿದ್ದೇ ತಿಂದೆ. ಪಾಪ ನನ್ನ ತಲೆ ಮೇಲಿರಲಿ, ನನ್ನ ಮಗನ್ನ ಬಿಟ್ಟುಬಿಡಿ."

ಯಜಮಾನರು ತಾಯಿಯ ಮುಖವನ್ನೇ ನೋಡಿದರು.

"ಇಲ್ಲ ಸಾರ್. ಅಮ್ಮಿ ನನಗೋಸ್ಕರ ಹೇಳ್ತಿದಾಳೆ. ಜೀವ ಇತ್ತು. ನನ್ನ ಕೈಯಲ್ಲೇ ಹೋಯ್ತು."

ಇಬ್ಬರನ್ನೂ ಜೀಪಿಗೆ ಹತ್ತಿಸಿದರು. ನಾಗಪ್ಪಣ್ಣ ಎಳೆಮಕ್ಕಳ ಹಾಗೆ ಅಳುತ್ತಿದ್ದ. ನಾನು ರೇಂಜರಿಗೆ, ಅವನಿಗೆ, ಗಂಡನಿಗೆ, ಎಲ್ಲರಿಗೂ ಬಾಯಿಗೆ ಬಂದಂತೆ ಬೈದೆ. ನಮ್ಮತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು.

"ಜ್ವರದ ಬಾಯಿಗೆ ಒಂದು ತುತ್ತು ರುಚಿ ಬೇಕಾಯ್ತು," ಅಂದರು. "ಅದಕ್ಕೆ ಮಗನ್ನೇ ಕೊಟ್ಟೆನಲ್ಲೇ."