ತಟ್ಟೆ ಹಾಡಿದರೆ ಗುಂಡು ಸರಿ

ಕರಡಿ ಆರಿನ್‌ನ ತಲೆಯನ್ನು ಬಾಯಲ್ಲಿ ಕಚ್ಚಿ ಕೊಡವುತ್ತಿತ್ತು. ಆಗತಾನೇ ಸಿಗಿದಿದ್ದ ಎಲ್ಕ್ ಜಿಂಕೆಯ ಕರುಳ ರಾಶಿಯಲ್ಲಿ ಅವನ ಕಾಲುಗಳು ಜಾರುತ್ತಿದ್ದವು. ಕುದುರೆಗಳನ್ನು ತರಲು ಇಳಿಜಾರಿಗೆ ಹೋಗಿದ್ದ ತಮ್ಮ ವೇಡ್ ಕೂಗು ಕೇಳಿ ತಿರುಗಿದ. ಮೊಣಕಾಲೂರಿ, ಅಪ್ಪನ ಹಳೆಯ ಕೋವಿ ಎತ್ತಿ, ಕರಡಿಯ ಭುಜಕ್ಕೆ ಗುರಿಯಿಟ್ಟ. ಮೊದಲ ಗುಂಡಿಗೆ ಹಿಂದಿನ ಬಂಡೆ ಸಿಡಿಯಿತು. ಎರಡನೆಯದಕ್ಕೆ ಆರಿನ್‌ನ ಮೊಣಕಾಲಿನ ಚಿಪ್ಪು ಹಾರಿಹೋಯಿತು.

ವೇಡ್ ಓಡಿದ. ಕರಡಿಯ ಕಿವಿಗೆ ನಳಿಗೆ ಆನಿಸಿ ಮೂರನೆಯದನ್ನು ಹಾರಿಸಿದ. ಅದು ಅಣ್ಣನ ಮೇಲೆಯೇ ಕುಸಿಯಿತು.

ಅಂದು ಬೆಳಿಗ್ಗೆ ಇಬ್ಬರೂ ಕೈಕೈ ಮಿಲಾಯಿಸಿದ್ದರು. ವೇಡ್ ಹೊಂಚು ಹಾಕಿದ್ದ ಎಲ್ಕನ್ನು ಆರಿನ್ ನಡುವೆ ಬಂದು ಹೊಡೆದು ಕೆಡವಿದ್ದ. ಕೇಳಿದ್ದಕ್ಕೆ ತುಟಿ ಒಡೆಯುವಂತೆ ಗುದ್ದಿದ್ದ. ವೇಡ್ ರಕ್ತ ಉಗುಳುತ್ತ, "ಇನ್ನೊಂದ್ಸಲ ಅಡ್ಡ ಬಂದ್ರೆ ಕಾಲು ಮುರೀತೀನಿ" ಅಂದಿದ್ದ. ಈಗ ಆ ಮಾತು ನಿಜವಾಗಿ ಕೂತಿತ್ತು.

ಆರಿನ್ ಒಂದು ಕಾಲಿಲ್ಲದೆ, ಮುಖದ ತುಂಬ ಹೊಲಿಗೆ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದ ದಿನ ವೇಡ್ ನೋಡಲು ಹೋದ. ಅತ್ತಿಗೆ ಮಾರ್ಲಿಸ್ ಬಾಗಿಲಲ್ಲೇ ಒಲೆ ಕೆದಕುವ ಸಲಾಕಿ ಬೀಸಿದಳು. ವೇಡ್‌ನ ಎಡಭುಜದ ಎಲುಬು ಲಟಕ್ಕೆಂದಿತು.

"ಓಡೋ ನರಿ ಕಣ್ಣಿಗೆ ಹೊಡೆಯೋನು ನೀನು. ಗೋಡೆ ಹಂಗೆ ನಿಂತಿದ್ದ ಕರಡಿ ಕಾಣ್ಲಿಲ್ವಾ?"

ಒಳಗಿನಿಂದ ಆರಿನ್‌ನ ದನಿ ಬಂತು. "ಬಿಡೇ ಅವನ್ನ. ಕಾಲು ಮುರೀತೀನಿ ಅಂದಿದ್ದ. ಮಾತು ಉಳಿಸ್ಕೊಂಡ."

ಸಲಾಕಿಯ ಏಟಿಗಿಂತ ಅದು ಹೆಚ್ಚು ನೋಯಿಸಿತು. ಯಾಕೆಂದರೆ ವೇಡ್‌ಗೂ ಒಳಗೊಳಗೇ ಅದೇ ಭಯ ಹೊಕ್ಕಿತ್ತು. ಸಿಟ್ಟು ತಾನೇ ಕೈ ಹಿಡಿದು ಗುರಿ ತಿರುಗಿಸಿತೇ? ಅಣ್ಣ ಕ್ಷಮಿಸುವುದು ಆಮೇಲಿನ ಮಾತು, ಮೊದಲು ತನಗೆ ತಿಳಿಯಬೇಕಿತ್ತು.

ಕೊಟ್ಟಿಗೆಯ ಹಿಂದೆ ಅಪ್ಪನ ಕಾಲದ ಉಕ್ಕಿನ ತಟ್ಟೆ ತೂಗಾಡುತ್ತಿತ್ತು. ಮನೆಯಲ್ಲೇ ತುಂಬಿಸಿದ ತೋಟಾವನ್ನು ಆ ತಟ್ಟೆಗೆ ಹೊಡೆದು ನೋಡುವುದು ಅವರ ಪದ್ಧತಿ. ಠಣ್ಣೆಂದು ತಟ್ಟೆ ಹಾಡಿದರೆ ಗುಂಡು ಸರಿ ಎಂದು ಅಪ್ಪ ಹೇಳುತ್ತಿದ್ದ. ಬೇಟೆಗೆ ಒಯ್ದಿದ್ದ ಗುಂಡಿಗೂ ತಟ್ಟೆ ಹಾಡಿತ್ತು. ವೇಡ್ ಈ ಸಲ ತಟ್ಟೆಯ ಮುಂದೆ ಒಂದು ರಟ್ಟು ಕಟ್ಟಿದ. ಕೋವಿಯನ್ನು ಮೇವಿನ ಚೀಲದ ಮೇಲಿಟ್ಟು, ಹಲ್ಲುಕಚ್ಚಿ ಅದೇ ಗುಂಡು ಹೊಡೆದ. ತಟ್ಟೆ ಹಾಡಿತು. ಹೋಗಿ ನೋಡಿದರೆ ರಟ್ಟಿನಲ್ಲಿ ದುಂಡನೆಯ ತೂತಿಲ್ಲ. ಇಡೀ ಗುಂಡು ಅಡ್ಡಡ್ಡ ಮಲಗಿ ಹಾದುಹೋದ ಗುರುತಿತ್ತು. ಉಕ್ಕಿಗೇನು ಗೊತ್ತು, ಅಡ್ಡ ಬಡಿದರೂ ಅದು ಹಾಡುತ್ತದೆ.

ಒಂದು ಹಳೆಯ ಸೀಸದ ಗುಂಡನ್ನೂ ಬೇಟೆಗೆಂದು ತುಂಬಿಸಿದ್ದ ಹೊಸ ತಾಮ್ರದ ಗುಂಡನ್ನೂ ಅಕ್ಕಪಕ್ಕ ನಿಲ್ಲಿಸಿದ. ತೂಕ ಒಂದೇ. ಆದರೆ ತಾಮ್ರ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗಿತ್ತು. ಉದ್ದನೆಯ ಗುಂಡು ನೆಟ್ಟಗೆ ಹೋಗಬೇಕಾದರೆ ಬುಗುರಿಯಂತೆ ಜೋರಾಗಿ ತಿರುಗಬೇಕು. ಅಪ್ಪನ ಕೋವಿಯ ನಳಿಗೆಯೊಳಗಿನ ಸುರುಳಿಗೆರೆಗಳು ಗಿಡ್ಡ ಗುಂಡಿಗೆಂದು ಕೊರೆದಂಥವು, ಉದ್ದ ಗುಂಡನ್ನು ಸಾಕಷ್ಟು ಜೋರಾಗಿ ತಿರುಗಿಸಲಾರವು. ತೂಕ ನೋಡಿದ ಮೂರ್ಖ ತಾನು, ಉದ್ದ ನೋಡಿರಲಿಲ್ಲ.

ತಾಮ್ರದ ಗುಂಡುಗಳನ್ನು ತಂದವಳು ಮಾರ್ಲಿಸ್. ಸೀಸದ ಚೂರು ಮಾಂಸದಲ್ಲಿ ಸೇರಿ ಮಕ್ಕಳ ಹೊಟ್ಟೆಗೆ ಹೋಗುತ್ತದೆಂದು, ವೇಡ್‌ನ ಹುಟ್ಟುಹಬ್ಬಕ್ಕೆ ಆ ಪೆಟ್ಟಿಗೆ ಕೊಟ್ಟಿದ್ದಳು.

ಮರುದಿನ ಅವಳು ಮತ್ತೆ ಸಲಾಕಿ ಹಿಡಿದೇ ಬಾಗಿಲು ತೆಗೆದಳು. ವೇಡ್ ಅವಳನ್ನು ದಾಟಿ ಹೋಗಿ ರಟ್ಟನ್ನು ಅಣ್ಣನ ತೊಡೆಯ ಮೇಲಿಟ್ಟ.

"ಗುಂಡು ಪಲ್ಟಿ ಹೊಡ್ಕೊಂಡು ಹೋಗಿದೆ ಕಣೋ. ನನ್ನ ಗುರಿ ಕರಡಿ ಮೇಲೇ ಇತ್ತು."

ಆರಿನ್ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಹೊಲಿಗೆ ಎಳೆಯುವಂತೆ ನಕ್ಕ. "ಥೂ, ನನಗೇ ಗುರಿ ಇಟ್ಟಿದ್ರೆ ಕರಡಿ ಸಾಯ್ತಿತ್ತಲ್ಲೋ."

ವೇಡ್‌ನ ಕಣ್ಣು ತುಂಬಿತು.

"ಯಾವ ಗುಂಡು ಅದು? ಯಾಕೆ ಹಂಗಾಯ್ತು?" ಮಾರ್ಲಿಸ್ ಕೇಳಿದಳು.

ವೇಡ್ ನೆಲ ನೋಡಿದ. "ನನ್ನ ಕೈತಪ್ಪು ಅತ್ತಿಗೆ. ಮದ್ದು ತುಂಬೋವಾಗ ಎಡವಟ್ಟು ಮಾಡ್ದೆ."

ಆರಿನ್ ತೂತಿನ ಉದ್ದಕ್ಕೆ ಬೆರಳಿಟ್ಟು ಅಳೆದ. ಸೀಸದ ಗುಂಡು ಅಷ್ಟುದ್ದ ಇರುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ತಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ರಟ್ಟನ್ನು ನಾಲ್ಕು ಮಡಿಕೆ ಮಾಡಿ ಒಲೆಯೊಳಗೆ ಎಸೆದ.

"ಚಳಿ ಕಣೇ," ಅಂದ.

ಮಾರ್ಲಿಸ್ ಬಗ್ಗಿ, ಸಲಾಕಿಯಿಂದ ಬೆಂಕಿ ಕೆದಕಿದಳು.